ಅಣ್ಣನಿಗೆ ಕೊಟ್ಟ ಹೆಸರು

ಬ್ಯಾಂಕಿನ ಮ್ಯಾನೇಜರು ಕಂಪ್ಯೂಟರಿನ ಪರದೆಯನ್ನು ಗಂಡ ಹೆಂಡತಿಯ ಕಡೆ ತಿರುಗಿಸಲಿಲ್ಲ. ಅಲ್ಲಿಗೇ ವಿನಯಾಳಿಗೆ ಅರ್ಧ ಗೊತ್ತಾಯಿತು. ಅವಳು ಬ್ರಹ್ಮಾವರದ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ರಕ್ತ ತೆಗೆಯುತ್ತಿದ್ದವಳು. ರಿಪೋರ್ಟು ಚೆನ್ನಾಗಿದ್ದರೆ ಅದನ್ನು ರೋಗಿಯ ಮುಂದೆ ದೂಡುತ್ತಾರೆ, ಇಲ್ಲದಿದ್ದರೆ ಕೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಾರೆ ಎನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಮೇಡಂ, ನಿಮ್ಮದು ಏನೂ ತೊಂದರೆ ಇಲ್ಲ,” ಎಂದರು ಮ್ಯಾನೇಜರ್ ರಾಜೇಂದ್ರ. ಘಟ್ಟದ ಮೇಲಿನವರು, ಕುಂದಾಪುರದ ಈ ಬ್ರಾಂಚಿಗೆ ಬಂದು ವರ್ಷವಾಗಿತ್ತು. “ನಿಮ್ಮ ಸಿಬಿಲ್ ಸ್ಕೋರು ಏಳುನೂರ ಎಂಬತ್ತೊಂದು. ನನ್ನದೂ ಅಷ್ಟಿಲ್ಲ.” ನಗಿಸಲು ಹೇಳಿದ್ದು. “ಯಜಮಾನರದ್ದೇ ಸಮಸ್ಯೆ. ಐನೂರ ನಲ್ವತ್ತೆರಡು.”

ರತೀಶ ತೊಡೆಯ ಮೇಲಿದ್ದ ಫೈಲನ್ನು ಎರಡೂ ಕೈಯಿಂದ ಒತ್ತಿಕೊಂಡ.

“ಎರಡು ಸಾವಿರದ ಹತ್ತೊಂಬತ್ತರಲ್ಲಿ ಪುಣೆಯ ಒಂದು ಫೈನಾನ್ಸಿನಿಂದ ನಾಲ್ಕು ಲಕ್ಷದ ಎಂಬತ್ತು ಸಾವಿರ ತೆಗೊಂಡಿದ್ದೀರಿ. ಹತ್ತು ಕಂತು ಕಟ್ಟಿ ನಿಲ್ಲಿಸಿದ್ದೀರಿ. ಇಪ್ಪತ್ತೆರಡರಲ್ಲಿ ಒಂದು ಲಕ್ಷದ ಅರವತ್ತು ಸಾವಿರ ಕೊಟ್ಟು ರಾಜಿ ಆಗಿದೆ.”

“ರಾಜಿ ಆದ್ ಮೇಲೆ ಮುಗೀತಲ್ದಾ ಸಾರ್?” ಎಂದ ರತೀಶ.

“ನಿಮ್ಮ ಮಟ್ಟಿಗೆ ಮುಗೀತು. ಕೊಟ್ಟವರ ಲೆಕ್ಕದಲ್ಲಿ ಉಳಿದದ್ದು ಮುಳುಗಿದ ದುಡ್ಡು. ಒಬ್ಬರ ದುಡ್ಡು ಮುಳುಗಿಸಿದವರಿಗೆ ನಾವು ಹದಿನಾರು ಲಕ್ಷ ಹೇಗೆ ಕೊಡೋದು, ನೀವೇ ಹೇಳಿ.”

ವಿನಯಾ ಗಂಡನ ಕಡೆ ನೋಡಲಿಲ್ಲ. ನೋಡಿದರೆ ಬಾಯಿ ತೆರೆಯಬೇಕಾಗುತ್ತದೆ, ತೆರೆದರೆ ಮ್ಯಾನೇಜರ ಎದುರೇ ಜಗಳವಾಗುತ್ತದೆ. ಹದಿಮೂರು ವರ್ಷದ ಸಂಸಾರದಲ್ಲಿ ಈ ನಾಲ್ಕು ಲಕ್ಷದ ಎಂಬತ್ತು ಸಾವಿರದ ಸುದ್ದಿ ಅವಳು ಕೇಳುತ್ತಿರುವುದು ಇದೇ ಮೊದಲು.

“ನನ್ನ ಒಬ್ಳ ಹೆಸ್ರಲ್ ಕೊಟ್ರೆ ಆತಿಲ್ಯಾ ಸಾರ್?”

“ನಿಮ್ಮ ಸಂಬಳಕ್ಕೆ ಏಳೂವರೆ ಲಕ್ಷ ಬರುತ್ತೆ. ಸಾಲುತ್ತಾ?”

ಸಾಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮನೆಯ ಕರಾರುಪತ್ರ ಅವರ ಮೇಜಿನ ಮೇಲೆಯೇ ಇತ್ತು.

“ಒಂದು ದಾರಿ ಇದೆ,” ಎಂದರು ರಾಜೇಂದ್ರ. “ಆ ಫೈನಾನ್ಸಿಗೆ ಉಳಿದದ್ದನ್ನೆಲ್ಲ ಕಟ್ಟಿ, ಪೂರ್ತಿ ತೀರಿದೆ ಅಂತ ಪತ್ರ ತನ್ನಿ. ಇನ್ನೊಮ್ಮೆ ಮೇಲಿನವರಿಗೆ ಕಳಿಸ್ತೀನಿ. ಆಗುತ್ತೆ ಅಂತ ಮಾತು ಕೊಡಲ್ಲ.”

ಹೊರಗೆ ಮೇ ತಿಂಗಳ ಬಿಸಿಲು. ಬಸ್ಸಿಗೆ ಕಾಯುವ ಜನರಿಂದ ಸ್ವಲ್ಪ ದೂರ, ಮುಚ್ಚಿದ ಒಂದು ಅಂಗಡಿಯ ಮೆಟ್ಟಿಲ ಬಳಿ ವಿನಯಾ ನಿಂತಳು.

“ಆ ಸಾಲದ್ದ್ ನಂಗೆ ಎಂತಕ್ ಹೇಳ್ಲಿಲ್ಲೆ?”

“ಅದ್ ನಾನ್ ಮಾಡಿದ್ದ್ ಅಲ್ಲ. ಅಣ್ಣ ಮಾಡಿದ್ದ್.”

“ಹೆಸ್ರ್ ಯಾರದ್ದ್?”

“ಹೆಸ್ರ್ ನಂದ್.”

“ದುಡ್ಡ್ ಯಾರ್ ತಕಂಡದ್ದ್?”

“ಅಣ್ಣ.”

“ಹಾಂಗಾರೆ ನಿಮ್ಗ್ ಸಿಕ್ಕಿದ್ದ್ ಎಂತ?”

ರತೀಶ ನಿಜವಾಗಿಯೂ ಯೋಚಿಸಿದ. “ಆ ವರ್ಷ ದೀಪಾವಳಿಗೆ ನಂಗೆ ಎರ್ಡ್ ಜೊತಿ ಬಟ್ಟೆ ಕೊಟ್ಟಿರ್. ಬಾಕಿಯವ್ರಿಗೆ ಒಂದೇ.”

ವಿನಯಾಳಿಗೆ ಅಳು ಬರಲಿಲ್ಲ. ಇವನ ತಲೆಯ ಮೇಲೆ ಕೈಚೀಲದಿಂದ ಒಂದು ಬಾರಿಸಬೇಕು ಎಂದು ಮಾತ್ರ ಅನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು.

ಅಣ್ಣ ಎಂದರೆ ಲೀಲಾಧರಣ್ಣ, ಒಡಹುಟ್ಟಿದವರಲ್ಲ, ಧಣಿ. ಸಿದ್ದಾಪುರದವರು, ಪುಣೆಯಲ್ಲಿ ಎರಡು ಹೋಟೆಲು ಇಟ್ಟಿದ್ದರು. ರತೀಶ ಹತ್ತನೇ ಕ್ಲಾಸು ಫೇಲಾಗಿ ಗುಲ್ವಾಡಿಯ ಮನೆಯಲ್ಲಿ ಕುಳಿತಿದ್ದಾಗ ಅವನ ಅಪ್ಪ ಕುಷ್ಟ ಪೂಜಾರಿ ಮಗನನ್ನು ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದ್ದ. ಮೇಜು ಒರೆಸುವುದರಿಂದ ಹಿಡಿದು ಗಲ್ಲಾದಲ್ಲಿ ಕೂರುವವರೆಗೆ ಹದಿನೇಳು ವರ್ಷ ರತೀಶ ಅಲ್ಲೇ ಬೆಳೆದ. ಅಲ್ಲಿ ಊರಿನವರ ಹೋಟೆಲುಗಳಲ್ಲಿ ಒಂದು ಪದ್ಧತಿಯಿತ್ತು. ಧಣಿಯ ಹೆಸರಿನಲ್ಲಿ ಎಷ್ಟು ಸಾಲ ಹುಟ್ಟುತ್ತದೋ ಅಷ್ಟೂ ಹುಟ್ಟಿದ ಮೇಲೆ ಕೆಲಸದವರ ಹೆಸರು ಕೇಳುವುದು. ಒಬ್ಬನ ಹೆಸರಿನಲ್ಲಿ ಫ್ರೀಜರು, ಇನ್ನೊಬ್ಬನ ಹೆಸರಿನಲ್ಲಿ ಡೆಲಿವರಿ ಬೈಕು. ಎಲ್ಲರನ್ನೂ ಕೇಳುತ್ತಿರಲಿಲ್ಲ. ಪಾನ್ ಕಾರ್ಡು ಇದ್ದವನನ್ನು, ಸಂಬಳ ಬ್ಯಾಂಕಿಗೆ ಬೀಳುವವನನ್ನು, ಎಲ್ಲಕ್ಕಿಂತ ಹೆಚ್ಚಾಗಿ ಓಡಿಹೋಗದವನನ್ನು ಕೇಳುತ್ತಿದ್ದರು. ಕೇಳಿಸಿಕೊಂಡವನು ಆ ದಿನ ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ ಓಡಾಡುತ್ತಿದ್ದ. ಲೀಲಾಧರಣ್ಣ ಹೊಸ ಅಡುಗೆಮನೆ ಮಾಡಿಸುವಾಗ ರತೀಶನನ್ನು ಗಲ್ಲಾದ ಹತ್ತಿರ ಕರೆದು, “ಒಂದ್ ಹೆಸ್ರ್ ಬೇಕಿತ್ತ್,” ಎಂದಿದ್ದರು. ರತೀಶ ಅವರು ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದ್ದ. ಏನು ಬರೆದಿದೆ ಎಂದು ಓದಿರಲಿಲ್ಲ. ಓದಿದರೆ ಅವರ ಮೇಲೆ ಸಂಶಯಪಟ್ಟಂತೆ.

ಕಂತುಗಳನ್ನು ಅಣ್ಣನೇ ಕಟ್ಟುತ್ತಿದ್ದರು. ಇಪ್ಪತ್ತರ ಲಾಕ್‌ಡೌನಿನಲ್ಲಿ ಹೋಟೆಲುಗಳು ಮುಚ್ಚಿದವು. ರತೀಶ ಮೂವತ್ತೆಂಟು ಜನರಿದ್ದ ಬಸ್ಸಿನಲ್ಲಿ ಊರಿಗೆ ಬಂದ. ಇಪ್ಪತ್ತೊಂದರಲ್ಲಿ ಲೀಲಾಧರಣ್ಣ ಪುಣೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಸೂಲಿಯವರು ರತೀಶನಿಗೆ ಫೋನು ಮಾಡಿ ಹಿಂದಿಯಲ್ಲಿ ಬೈಯತೊಡಗಿದರು. ಅವನು ಸಿಮ್ ಬದಲಾಯಿಸಿದ. ವಿನಯಾ ಕೇಳಿದಾಗ ನೆಟ್‌ವರ್ಕ್ ಸರಿಯಿಲ್ಲ ಎಂದಿದ್ದ. ಮರುವರ್ಷ ಅಣ್ಣನ ಮಗ ಪ್ರಖ್ಯಾತ್ ವಾಟ್ಸಾಪಿನಲ್ಲಿ ಒಂದು ಪತ್ರ ಕಳಿಸಿ, ಎಲ್ಲ ಮುಗಿಯಿತು ಎಂದ. ರತೀಶ ದೇವರ ಫೋಟೊಕ್ಕೆ ಕೈ ಮುಗಿದು, ಕೋಟದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹದಿನೇಳು ಸಾವಿರಕ್ಕೆ ಗೋಡೌನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ.

ಈಗ ತಲೆಯ ಮೇಲೆ ಇದ್ದದ್ದು ದುಗ್ಗಪ್ಪನ ಮನೆಯ ಕರಾರು. ಬ್ರಹ್ಮಾವರದಿಂದ ಎರಡು ಕಿಲೋಮೀಟರು ಒಳಗೆ, ಚಾಂತಾರಿನಲ್ಲಿ ನಾಲ್ಕೂವರೆ ಸೆಂಟ್ಸ್ ಜಾಗ, ಎರಡು ಕೋಣೆ, ಶೀಟು ಹೊದೆಸಿದ ಅಡುಗೆಮನೆ, ಸಿಹಿನೀರಿನ ಬಾವಿ. ಅಕ್ಕಿ ಮಿಲ್ಲಿನಲ್ಲಿ ದುಡಿದು ನಿವೃತ್ತನಾದ ದುಗ್ಗಪ್ಪ ಅದನ್ನು ಮಾರಿ ಬೈಂದೂರಿನ ಹತ್ತಿರ ಉಪ್ಪುಂದದ ಮಗಳ ಮನೆಗೆ ಹೋಗುವವನಿದ್ದ. ಇಪ್ಪತ್ತೊಂದು ಲಕ್ಷಕ್ಕೆ ಮಾತಾಗಿತ್ತು. ವಿನಯಾ ತನ್ನ ಬಳೆ, ಸರ ಮಾರಿ ಎರಡು ಲಕ್ಷ ಮುಂಗಡ ಕೊಟ್ಟಿದ್ದಳು. ಮೂರು ಲಕ್ಷ ಚೀಟಿಯಿಂದ ಬರುವುದಿತ್ತು. ಉಳಿದ ಹದಿನಾರು ಬ್ಯಾಂಕಿನದು. ಜೂನ್ ಹತ್ತರೊಳಗೆ ಪೂರ್ತಿ ಕೊಡದಿದ್ದರೆ ಮುಂಗಡ ಮುಳುಗಿದಂತೆ ಎಂದು ಕಾಗದದಲ್ಲಿ ಬರೆದಿತ್ತು. ಅದನ್ನು ಮಾತ್ರ ಅವಳು ಎರಡು ಸಲ ಓದಿಯೇ ಸಹಿ ಹಾಕಿದ್ದಳು. ಸಂಬಳದ ಸ್ಲಿಪ್ಪು ಇರುವವರಿಗೆ ಸಾಲ ಸಿಗುವುದಿಲ್ಲ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಬಾಡಿಗೆ ಮನೆಯವರು ಆಗಸ್ಟಿನೊಳಗೆ ಖಾಲಿ ಮಾಡಿ ಎಂದಿದ್ದರು. ಕೆಡವಿ ಅಂಗಡಿ ಕಟ್ಟುತ್ತಾರಂತೆ. ಹತ್ತು ವರ್ಷದಲ್ಲಿ ಇದು ಐದನೇ ಮನೆ. ಮಗಳು ದಿವ್ಯಾ ತನ್ನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಯಿಂದ ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದಳು.

ಪುಣೆಯ ಫೈನಾನ್ಸಿಗೆ ಫೋನು ಮಾಡಲು ವಿನಯಾ ಲ್ಯಾಬಿನಲ್ಲಿ ಒಂದು ಗಂಟೆ ರಜೆ ತೆಗೆದುಕೊಂಡಳು. ಹಿಂದಿಗೆ ಎರಡು ಒತ್ತಿ, ಮರಾಠಿಗೆ ಮೂರು ಒತ್ತಿ ಎಂದು ಒಂದು ಧ್ವನಿ ಹೇಳಿತು. ಕನ್ನಡಕ್ಕೆ ಒತ್ತುವುದೇನೂ ಇರಲಿಲ್ಲ. ಕೊನೆಗೆ ಒಬ್ಬ ಹುಡುಗಿ ಸಿಕ್ಕಿ, ಬಡ್ಡಿ ದಂಡ ಎಲ್ಲ ಸೇರಿ ಮೂರು ಲಕ್ಷದ ಹನ್ನೆರಡು ಸಾವಿರ ಎಂದಳು. ಚೀಟಿಯ ಹಣವನ್ನು ಅಲ್ಲಿ ಸುರಿದರೆ ಮನೆಗೆ ಮೂರು ಲಕ್ಷ ಕಡಿಮೆ ಬೀಳುತ್ತದೆ. ಅಷ್ಟು ಮಾಡಿಯೂ ರಾಜೇಂದ್ರ ಮಾತು ಕೊಟ್ಟಿರಲಿಲ್ಲ.

“ಪ್ರಖ್ಯಾತಣ್ಣನಿಗೆ ಫೋನ್ ಮಾಡಿ,” ಎಂದಳು ಗಂಡನಿಗೆ. “ಅವ್ರ ಸಾಲ, ಅವ್ರೇ ಕಟ್ಲಿ.”

ಮೂರು ದಿನ ಪ್ರಖ್ಯಾತ್ ಫೋನು ಎತ್ತಲಿಲ್ಲ. ನಾಲ್ಕನೇ ದಿನ ಅವನೇ ಮಾಡಿದ. ರತೀಶ ಎದ್ದು ನಿಂತು ಮಾತಾಡಿದ. “ಹೌದ್... ಹೌದ್... ಅಯ್ಯೋ ಖುಷಿ ಆಯ್ತ್... ಬತ್ತೆ, ಖಂಡಿತ ಬತ್ತೆ.” ಫೋನಿಟ್ಟು ಹೆಂಡತಿಗೆ ಹೇಳಿದ, “ಆಯ್ತವಾರ ಅನ್ವಿತಕ್ಕನ ಸೀಮಂತ ಅಂಬ್ರ್. ಪ್ರಖ್ಯಾತಣ್ಣನ ಹೆಂಡ್ತಿ. ಊಟಕ್ಕೇ ಬನಿ ಅಂದ್ರ್.”

“ಸಾಲದ್ದ್ ಕೇಂಡ್ರ್ಯಾ?”

“ಫೋನಲ್ ಹ್ಯಾಂಗ್ ಕೇಂಬುದ್? ಅಲ್ ಹೋಯಿ ಕೇಂತೆ.”

ಭಾನುವಾರ ಕುಂದಾಪುರದಿಂದ ಸಿದ್ದಾಪುರದ ಬಸ್ಸು ಹತ್ತಿದರು. ರತೀಶ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಒಂದು ಕಿಲೋ ಸೇಬು ಹಿಡಿದುಕೊಂಡಿದ್ದ. ಹೇಗೆ ಕೇಳಬೇಕು ಎಂದು ವಿನಯಾ ದಾರಿಯುದ್ದಕ್ಕೂ ಅವನಿಗೆ ಹೇಳಿಕೊಟ್ಟಳು. ಅವನು ಶಾಲೆಯ ಹುಡುಗನಂತೆ ತಲೆಯಾಡಿಸಿದ.

ಮನೆ ಗ್ರಾನೈಟಿನದು, ಗೇಟಿನ ಮೇಲೆ ಕ್ಯಾಮರಾ. ಅಂಗಳಕ್ಕೆ ಶಾಮಿಯಾನ ಹಾಕಿ ಊಟದ ಸಾಲು ಮಾಡಿದ್ದರು. ಲೀಲಾಧರಣ್ಣನ ಹೆಂಡತಿ ಅಮ್ಮಣ್ಣಿ ಬಾಗಿಲಲ್ಲೇ ಇದ್ದರು.

“ಹ್ವಾಯ್ ರತೀಶ! ಎಂತ ಮಾರಾಯ, ಹೀಂಗ್ ಸಪೂರ ಆಯ್ದೆ? ಹೆಂಡ್ತಿ ಉಂಬುಕ್ ಹಾಕುದಿಲ್ಯಾ?” ವಿನಯಾಳ ಕೈ ಹಿಡಿದು ನಕ್ಕರು. “ಬೇಜಾರ್ ಮಾಡ್ಬೇಡ ಹೆಣೆ, ತಮಾಷಿಗ್ ಹೇಳ್ದೆ. ಇಂವ ನಮ್ಮನಿ ಹುಡ್ಗನೇ. ನಮ್ಮವ್ರ್ ಹೋಪತ್ತಿಗೂ ‘ರತೀಶ ಹ್ಯಾಂಗಿದ್ದ’ ಅಂದೇಳಿ ಕೇಂಡಿರ್ ಗೊತ್ತಿತ್ತಾ?”

ರತೀಶನ ಕಣ್ಣು ಒದ್ದೆಯಾಯಿತು. ಕೆಲಸ ಕೆಟ್ಟಿತು ಎಂದುಕೊಂಡಳು ವಿನಯಾ.

ಊಟಕ್ಕೆ ಕುಳಿತರು. ಮೊದಲ ಸಾಲಿಗೆ ಅನ್ನ ಬರುವ ಹೊತ್ತಿಗೆ ಕೇಟರಿಂಗಿನವರ ಗಡಿಬಿಡಿ ಶುರುವಾಯಿತು. ಇಬ್ಬರು ಬಂದೇ ಇರಲಿಲ್ಲ. ಒಬ್ಬ ಸಾರಿನ ಬಕೆಟು ಹಿಡಿದು ಯಾವ ಕಡೆಯಿಂದ ಶುರು ಮಾಡುವುದೆಂದು ತಿಳಿಯದೆ ನಿಂತಿದ್ದ. “ಕಾಣ್ ರತೀಶ, ಇವ್ರಿಗೆ ಬಡ್ಸುಕೂ ಗೊತ್ತಿಲ್ಲೆ,” ಎಂದರು ಅಮ್ಮಣ್ಣಿ, ಸುಮ್ಮನೆ, ಬೇಸರಕ್ಕೆ ಹೇಳಿದಂತೆ. ಅವರ ಮಾತು ಮುಗಿಯುವುದರೊಳಗೆ ರತೀಶ ಎಲೆಯ ಮುಂದಿನಿಂದ ಎದ್ದು ತೋಳು ಮಡಚಿಯಾಗಿತ್ತು.

ವಿನಯಾ ಅವನನ್ನು ಹಾಗೆ ನೋಡಿದ್ದೇ ಇಲ್ಲ. ಮನೆಯಲ್ಲಿ ಕುಡಿದ ಲೋಟವನ್ನು ತೆಗೆದಿಡದ ಗಂಡಸು, ಇಲ್ಲಿ ಎಡಗೈಯಲ್ಲಿ ಬಕೆಟು, ಬಲಗೈಯಲ್ಲಿ ಸೌಟು, ಬೆನ್ನು ಬಗ್ಗಿಸಿ ಸಾಲಿನುದ್ದಕ್ಕೆ ಹರಿದುಕೊಂಡು ಹೋದ. ಒಂದು ಹನಿ ಎಲೆಯಿಂದ ಹೊರಗೆ ಬೀಳಲಿಲ್ಲ. ಯಾರಿಗೆ ಏನು ಖಾಲಿಯಾಗಿದೆ ಎನ್ನುವುದು ಅವರು ತಲೆ ಎತ್ತುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಕೇಟರಿಂಗಿನವನಿಗೆ, “ಹ್ವಾಯ್, ಪಲ್ಯ ಆ ಬದಿಯಿಂದ ತಕಂಡ್ ಬಾ,” ಎಂದು ಅಪ್ಪಣೆಯನ್ನೂ ಕೊಟ್ಟ. “ಪುಣೆಯ ಕೈ ಕಾಣಿ!” ಎಂದು ಯಾರೋ ಹಿರಿಯರು ಕೂಗಿದರು. ನಗು ಎದ್ದಿತು. ಅವನೂ ನಕ್ಕ. ಅವಳ ಎಲೆಯ ಮುಂದೆ ಬಂದು, ಮುಖ ನೋಡದೆಯೇ, “ಪಾಯ್ಸ ಇನ್ನೊಂಚೂರ್?” ಎಂದ. ಗಿರಾಕಿಗಳಿಗೆ ಕೇಳುವ ಧ್ವನಿ ಅದು. ಅವಳು ಬೇಡ ಎಂದು ಕೈ ಅಡ್ಡ ಹಿಡಿದಳು. ಅವನು ಮುಂದೆ ಹೋದ.

ಇವನು ಇಲ್ಲಿ ಬಾಯಿ ತೆರೆದು ಕೇಳುವುದಿಲ್ಲ ಎಂದು ಅವಳಿಗೆ ಆಗಲೇ ಖಾತ್ರಿಯಾಯಿತು. ಎಲೆ ಮಡಚಿ, ಕೈ ತೊಳೆದು, ತಾನೇ ಪ್ರಖ್ಯಾತನನ್ನು ಹುಡುಕಿಕೊಂಡು ಹೋದಳು.

ಅವನು ಕಾರಿಗೆ ಒರಗಿ ಫೋನಿನಲ್ಲಿದ್ದ. ಮೂವತ್ತು ದಾಟಿದ್ದ, ಮುಖದಲ್ಲಿ ನಿದ್ದೆಗೆಟ್ಟ ಗುರುತು. ಅವಳನ್ನು ಕಂಡು ಫೋನು ಇಟ್ಟ.

“ಬನಿ ಅಕ್ಕ. ಊಟ ಸಮಾ ಆಯ್ತಾ?”

“ಆಯ್ತ್. ಪ್ರಖ್ಯಾತಣ್ಣ, ಒಂದ್ ಮಾತ್ ಕೇಂಬುಕಿತ್ತ್.” ಬಸ್ಸಿನಲ್ಲಿ ಗಂಡನಿಗೆ ಹೇಳಿಕೊಟ್ಟಿದ್ದನ್ನೆಲ್ಲ ಅವಳೇ ಹೇಳಿದಳು. ಬ್ಯಾಂಕು, ಹಳೆ ಸಾಲ, ಮೂರು ಲಕ್ಷದ ಹನ್ನೆರಡು ಸಾವಿರ, ಜೂನ್ ಹತ್ತು.

ಅವನು ಅಡ್ಡ ಬಾಯಿ ಹಾಕದೆ ಕೇಳಿದ. “ಅಕ್ಕ, ಅಪ್ಪ ಹೋಪತ್ತಿಗೆ ನಮ್ ಮೇಲೆ ಅರವತ್ತ್ ಲಕ್ಷ ಇದ್ದಿತ್ತ್. ಎರ್ಡೂ ಹೋಟ್ಲ್ ಹೋಯ್ತ್. ಅಷ್ಟ್ರ ಮಧ್ಯ ರತೀಶಣ್ಣನ ಸಾಲ ನಾನ್ ಸೆಟಲ್ ಮಾಡ್ದೆ. ಹಾಂಗೇ ಬಿಟ್ಟಿರೆ ನನ್ನ ಯಾರ್ ಕೇಂತಿದ್ರ್?”

“ಅದ್ ರತೀಶಣ್ಣನ ಸಾಲ ಅಲ್ಲ.”

“ಪೇಪರಲ್ ಅವ್ರದ್ದೇ ಅಲ್ದಾ ಅಕ್ಕ.”

ಅವನು ಅದನ್ನು ಸೊಕ್ಕಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಒಂದ್ ಕೇಂತೆ,” ಎಂದ ಅವನು. “ನಿಮ್ ಸ್ಕೋರ್ ಎಷ್ಟಂದ್ರ್?”

“ಏಳ್ನೂರ ಎಂಬತ್ತೊಂದ್.” ಹೇಳುವಾಗ ಅವಳ ಧ್ವನಿಯಲ್ಲಿ ಒಂದಿಷ್ಟು ಜಂಬವೂ ಇತ್ತು. ಮೂರು ವಾರದಿಂದ ಯಾರೂ ಅವಳ ಬಗ್ಗೆ ಒಳ್ಳೆಯ ಮಾತು ಹೇಳಿರಲಿಲ್ಲ.

ಪ್ರಖ್ಯಾತ್ ಫೋನನ್ನು ಕಿಸೆಗೆ ಹಾಕಿದ. ಹೆಮ್ಮಾಡಿಯಲ್ಲಿ ಹೈವೇ ಬದಿಗೆ ಒಂದು ಹೋಟೆಲು ತೆಗೆಯುವವನಿದ್ದೇನೆ ಎಂದ. ಜಾಗ ಗೊತ್ತಾಗಿದೆ, ಸಾಲ ಮಾತ್ರ ಬಾಕಿ. ಹೆಂಗಸರ ಹೆಸರಿನಲ್ಲಿ ಉದ್ಯೋಗ ಮಾಡಿದರೆ ಬಡ್ಡಿ ಕಡಿಮೆ, ಸಬ್ಸಿಡಿಯೂ ಇದೆ. ತನ್ನ ಸ್ಕೋರು ರತೀಶಣ್ಣನದಕ್ಕಿಂತ ಹಾಳು. ಅನ್ವಿತಾಳ ಹೆಸರಿನಲ್ಲಿ ಕಾರಿನ ಸಾಲವಿದೆ. “ಇಪ್ಪತ್ತೈದ್ ಲಕ್ಷ. ನೀವ್ ಒಂದ್ ದಿನ ಬಂದ್ ಸೈನ್ ಮಾಡ್ರೆ ಸಾಕ್. ಕಂತ್ ನಾನ್ ಕಟ್ತೆ. ರತೀಶಣ್ಣ ಗಲ್ಲಾದಲ್ ಕೂಕಂಬ್ಲಿ, ಇಪ್ಪತ್ತಾರ್ ಸಾವ್ರ ಕೊಡ್ತೆ. ನೀವ್ ಹೂಂ ಅಂದ್ರೆ ನಿಮ್ ಮೂರ್ ಲಕ್ಷ ಸೋಮವಾರವೇ ಕಟ್ಟಿ ಪತ್ರ ತರ್ಸಿ ಕೊಡ್ತೆ.”

“ಮೊದ್ಲ್ ನಮ್ ಮನಿ ಲೋನ್ ಆಯ್ಲಿ. ಮತ್ತೆ ಕಾಂಬ.”

“ಆತಿಲ್ಲೆ ಅಕ್ಕ. ಜಾಗದವ್ರ್ ಮೇ ಮೂವತ್ತೊಂದರ ಮೇಲೆ ಕಾಯ್ತಿಲ್ಲೆ ಅಂದಿರ್.”

“ನಿಮ್ಮಪ್ಪಯ್ಯನೂ ಕಂತ್ ನಾನೇ ಕಟ್ತೆ ಅಂದಿರ್ ಅಲ್ದಾ?”

ಪ್ರಖ್ಯಾತನ ಮುಖ ಸಣ್ಣದಾಯಿತು. “ಅಪ್ಪ ಸತ್ರ್ ಅಕ್ಕ. ಬೇಕಂದೇಳಿ ಸತ್ತದ್ದಾ?”

ಶಾಮಿಯಾನದಡಿ ಎರಡನೇ ಸಾಲಿನ ಊಟ ನಡೆಯುತ್ತಿತ್ತು. ರತೀಶನ ಧ್ವನಿ ಕೇಳುತ್ತಿತ್ತು, “ಮಜ್ಜಿಗಿ, ಮಜ್ಜಿಗಿ.” ಯೋಚನೆ ಮಾಡಿ ಹೇಳುತ್ತೇನೆ ಎಂದು ವಿನಯಾ ಅಲ್ಲಿಂದ ಬಂದಳು. ಹೊರಡುವಾಗ ಅಮ್ಮಣ್ಣಿ ಕುಂಕುಮ ಹಚ್ಚಿ, ರವಿಕೆ ಕಣ, ತೆಂಗಿನಕಾಯಿ ಕೊಟ್ಟು, ಅವಳ ಬರಿಗೈ ನೋಡಿ ತಾವೇ ಒಂದು ಡಜನ್ ಹಸಿರು ಗಾಜಿನ ಬಳೆ ತೊಡಿಸಿದರು. “ಚಿನ್ನ ಎಲ್ ಇಟ್ಟಿದೆ ಹೆಣೆ, ಲಾಕರಲ್ಲಾ?” ಎಂದರು. ವಿನಯಾ ಹೌದು ಎಂದಳು.

ಬಸ್ಸಿನಲ್ಲಿ ರತೀಶನ ಅಂಗಿಯಿಂದ ಸಾರಿನ ವಾಸನೆ ಬರುತ್ತಿತ್ತು. ಪ್ರಖ್ಯಾತ್ ಹೇಳಿದ್ದನ್ನು ಅವಳು ಹೇಳಿ ಮುಗಿಸಿದಾಗ ಅವನು ಸೀಟಿನಲ್ಲಿ ಅವಳ ಕಡೆ ತಿರುಗಿ ಕುಳಿತ.

“ಹಾಂಗಾರೆ ಎಲ್ಲ ಸಮಾ ಆಯ್ತಲ್ದಾ! ಹಳಿ ಸಾಲ ಹೋಯ್ತ್, ನಂಗೆ ಕೆಲ್ಸ ಆಯ್ತ್.”

“ಇಪ್ಪತ್ತೈದ್ ಲಕ್ಷ ನನ್ನ ತಲಿ ಮೇಲೆ ಬತ್ತ್.”

“ಕಂತ್ ಅವ್ರ್ ಕಟ್ತ್ರ್.”

“ಕಟ್ಟದಿದ್ರೆ?”

“ಎಂತಕ್ ಕಟ್ಟುದಿಲ್ಲೆ? ನಾನೇ ಗಲ್ಲಾದಲ್ ಇಪ್ಪಾಗ?”

“ಆಗ್ಳೂ ಗಲ್ಲಾದಲ್ ನೀವೇ ಇದ್ರಿ.”

ಅವನು ಕಿಟಕಿಯ ಕಡೆ ತಿರುಗಿದ.

ಅವಳು ಕೂಡಲೇ ಬೇಡ ಎಂದುಬಿಟ್ಟಳು ಎಂದೇನಲ್ಲ. ಮೂರು ದಿನ ಅದೇ ತಲೆಯಲ್ಲಿತ್ತು. ಬೇರೆಯವರ ತೋಳಿಗೆ ಸೂಜಿ ಚುಚ್ಚುವಾಗಲೂ ಹೂಂ ಎಂದುಬಿಟ್ಟರೇನು ಎಂದು ಯೋಚಿಸಿದಳು. ಪ್ರಖ್ಯಾತ್ ಕೆಟ್ಟವನಲ್ಲ. ಹೈವೇ ಹೋಟೆಲು ನಡೆಯದೆ ಇರುವುದೂ ಇಲ್ಲ. ನಾಲ್ಕನೇ ದಿನ ರಾಜೇಂದ್ರ ಅವರಿಗೆ ಫೋನು ಮಾಡಿ, ಗಂಡನ ಹಳೆ ಸಾಲ ತೀರಿಸಿ, ಅದೇ ಹೊತ್ತಿಗೆ ತನ್ನ ಹೆಸರಿನಲ್ಲಿ ಇಪ್ಪತ್ತೈದು ಲಕ್ಷದ ಉದ್ಯೋಗದ ಸಾಲ ಬಂದರೆ ಮನೆ ಸಾಲ ಆಗುತ್ತದೆಯೇ ಎಂದು ಕೇಳಿದಳು.

“ಮೇಡಂ,” ಎಂದರು ಅವರು, “ಈಗ ಯಜಮಾನರಿಗೆ ಮಾತ್ರ ಇಲ್ಲ. ಆಗ ನಿಮಗೂ ಇಲ್ಲ. ಅದರ ಕಂತು ನಿಮ್ಮ ಸಂಬಳಕ್ಕಿಂತ ಜಾಸ್ತಿ ಆಗುತ್ತಲ್ಲ.”

ಸಹಿ ಹಾಕಿದರೆ ಅವಳ ಹೆಸರು ಹೋಗುತ್ತದೆ, ಹಾಕದಿದ್ದರೆ ಅವನದು ಸರಿಯಾಗುವುದಿಲ್ಲ. ಎರಡರಲ್ಲಿ ಯಾವುದಾದರೂ ಮನೆ ಮಾತ್ರ ಇಲ್ಲ. ಅವಳು ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಪ್ರಖ್ಯಾತನಿಗೆ ಬೇಡ ಎಂದು ಹೇಳಿದಳು.

“ಆಯ್ತ್ ಅಕ್ಕ. ಬೇಜಾರಿಲ್ಲೆ,” ಎಂದ ಅವನು. ನಿಜವಾಗಿಯೂ ಬೇಜಾರಿಲ್ಲದವನಂತೆ ಹೇಳಿದ. ಮೂರು ಲಕ್ಷದ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಆಮೇಲಿನ ಹತ್ತು ದಿನ ಸಹಕಾರಿ ಸಂಘ, ಇನ್ನೊಂದು ಬ್ಯಾಂಕು, ಮೊಬೈಲಿನಲ್ಲಿ ಸಾಲ ಕೊಡುವವರು, ಹೀಗೆ ಸುತ್ತುವುದರಲ್ಲಿ ಹೋಯಿತು. ಎಲ್ಲ ಕಡೆಯೂ ರತೀಶನ ಪಾನ್ ನಂಬರು ಒತ್ತುತ್ತಿದ್ದರು, ಒತ್ತಿ ಮುಖ ನೋಡುತ್ತಿದ್ದರು. ಒಬ್ಬ ಮಾತ್ರ ಕೊಡುತ್ತೇನೆ ಎಂದ. ತಿಂಗಳ ಕಂತು ಇಪ್ಪತ್ತಾರು ಸಾವಿರ. ಅವರಿಬ್ಬರ ಸಂಬಳ ಸೇರಿದರೆ ಮೂವತ್ತೈದೂವರೆ. ಹೀಗೆ ಕೇಳಿ ಕೇಳಿಯೇ ಸ್ಕೋರು ಇನ್ನಷ್ಟು ಇಳಿಯುತ್ತದೆ ಎಂದು ಕೊನೆಗೆ ಯಾರೋ ಹೇಳಿದರು. ಅದರ ಮೇಲೆ ಸುತ್ತುವುದನ್ನು ನಿಲ್ಲಿಸಿದರು.

ಜೂನ್ ಹತ್ತರಂದು ಇಬ್ಬರೂ ಅರ್ಧ ದಿನ ರಜೆ ಹಾಕಿ ಚಾಂತಾರಿಗೆ ಹೋದರು. ಹಿಂದಿನ ದಿನ ಫೋನಿನಲ್ಲಿಯೇ ಎಲ್ಲ ಹೇಳಿಯಾಗಿತ್ತು. ಮಳೆ ಬಂದು ನಿಂತಿತ್ತು. ದುಗ್ಗಪ್ಪ ಸಾಮಾನುಗಳನ್ನು ಗೋಣಿಗೆ ತುಂಬಿ ಜಗಲಿಯಲ್ಲಿಟ್ಟಿದ್ದ.

“ಕೂಕಣಿ,” ಎಂದ. ಒಳಗೆ ಹೋಗಿ ಒಂದು ಲಕೋಟೆ ತಂದು ವಿನಯಾಳ ಕೈಗೆ ಕೊಟ್ಟ. “ಕಾಗ್ದದ ಪ್ರಕಾರ ಎಂತದೂ ಕೊಡೂದ್ ಬ್ಯಾಡ. ಮನ್ಸ್ ಕೇಂತಿಲ್ಲೆ. ಒಂದ್ ಲಕ್ಷದ ಚೆಕ್ ಇತ್ತ್. ಇನ್ನೊಂದ್ ಲಕ್ಷ ಮಗಳ ಮನಿ ಮೇಸ್ತ್ರಿಗ್ ಕೊಟ್ಟಾಯ್ತ್, ಅದಿಲ್ಲೆ.”

ವಿನಯಾ ಲಕೋಟೆ ತೆಗೆದುಕೊಂಡಳು. ಬೇಡ ಎನ್ನುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಇನ್ನೊಂದು ಲಕ್ಷ ಕೇಳುವ ಹಕ್ಕೂ ಇರಲಿಲ್ಲ.

“ಬೇರೆ ಯಾರಾದ್ರೂ ಸಿಕ್ಕಿರಾ?” ಎಂದು ಕೇಳಿದಳು.

“ಬೊಂಬಾಯಿಯವ್ರ್. ಸಾಲಗೀಲ ಎಂತ ಇಲ್ಲೆ. ಮೂರ್ ಗಂಟಿಗೆ ಬತ್ರ್ ಜಾಗ ಅಳ್ತಿ ಮಾಡುಕೆ.” ದುಗ್ಗಪ್ಪನಿಗೆ ನಾಚಿಕೆಯಾದಂತಿತ್ತು. “ಬಂಗ್ಡೆ ಸಾರ್ ಮಾಡಿದೆ. ಇಬ್ರೂ ಉಂಡ್ಕಂಡ್ ಹೋಯ್ನಿ.”

ಎರಡೂವರೆಯವರೆಗೆ ಬಸ್ಸಿರಲಿಲ್ಲ. ಉಂಡರು. ಅಡುಗೆಮನೆಯ ನೆಲದ ಮೇಲೆ, ಗ್ಯಾಸು ಎಲ್ಲಿಡುವುದು, ಫ್ರಿಜ್ಜು ಎಲ್ಲಿಡುವುದು ಎಂದು ವಿನಯಾ ಮಾರ್ಚಿನಲ್ಲಿ ಅಳೆದು ನೋಡಿದ್ದ ಜಾಗದಲ್ಲಿಯೇ ಕುಳಿತು, ಬಂಗುಡೆ ಸಾರು ಕಲಸಿ ಉಂಡರು. ಸಾರಿಗೆ ಹುಳಿ ಹೆಚ್ಚಾಗಿತ್ತು.

“ಮುಂದೆ ಎಂತ ಮಾಡ್ತ್ರಿ?” ಎಂದು ದುಗ್ಗಪ್ಪ ರತೀಶನನ್ನು ಕೇಳಿದ.

“ನಂಗೆ ಬೇರೆ ಕೆಲ್ಸ ಆಯ್ತ್,” ಎಂದ ರತೀಶ, ಅನ್ನದಿಂದ ಕಣ್ಣೆತ್ತದೆ. “ಹೆಮ್ಮಾಡಿಯಲ್ ಹೊಸ ಹೋಟ್ಲ್. ಗಲ್ಲಾದಲ್. ಇಪ್ಪತ್ತಾರ್ ಸಾವ್ರ.”

“ಹೋ, ಒಳ್ಳೇದಾಯ್ತ್!” ಎಂದ ದುಗ್ಗಪ್ಪ, ಇವರಿಗೆ ಏನೋ ಒಂದು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ.

ವಿನಯಾ ಬಾಯಿಗಿಟ್ಟ ತುತ್ತನ್ನು ನುಂಗಿದಳು. ಅವಳಿಗೆ ಈ ಸುದ್ದಿ ಗೊತ್ತಾದದ್ದು ದುಗ್ಗಪ್ಪನಿಗೆ ಗೊತ್ತಾದ ಹೊತ್ತಿಗೇ. ಬಸ್ ಸ್ಟಾಪಿನ ದಾರಿಯಲ್ಲಿ, ಗೇಟು ಕಾಣದಷ್ಟು ದೂರ ಬಂದ ಮೇಲೆ ಕೇಳಿದಳು.

“ಯಾವಾಗ ಹೂಂ ಅಂದ್ರಿ?”

“ಮೊನ್ನೆ ಪ್ರಖ್ಯಾತಣ್ಣನೇ ಫೋನ್ ಮಾಡ್ರ್. ಒಂದನೇ ತಾರೀಕಿಂದ ಬಾ ಅಂದ್ರ್.”

“ಸಾಲ ಯಾರ ಹೆಸ್ರಲ್ ಆಯ್ತ್?”

“ಅಮ್ಮಣ್ಣಿಯಕ್ಕನ ಹೆಸ್ರಲ್.”

ವಿನಯಾ ನಿಂತಳು. “ಹಾಂಗಾರೆ ಮನಿಯೊಳ್ಗೇ ಒಂದ್ ಹೆಸ್ರ್ ಇದ್ದಿತ್ತ್.”

“ಅವ್ರ್ ಪ್ರಾಯದವ್ರ್ ಅಲ್ದಾ,” ಎಂದ ರತೀಶ. “ಅಮ್ಮನ ಹೆಸ್ರ್ ಎಂತಕ್ ಸುಮ್ನೆ ಹಾಳ್ ಮಾಡುದ್ ಅಂದೇಳಿ ಮೊದ್ಲ್ ನಿನ್ನ ಕೇಂಡಿದ್ದ್ ಆಯ್ಕ್.”

ಅವನು ಅದನ್ನು ಸಿಟ್ಟಿನಿಂದಲೂ ಹೇಳಲಿಲ್ಲ, ವ್ಯಂಗ್ಯದಿಂದಲೂ ಹೇಳಲಿಲ್ಲ. ಅವನಿಗೆ ಅದು ನ್ಯಾಯವಾಗಿಯೇ ಕಂಡಿತ್ತು. ವಿನಯಾ ಅವನ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂದು ನೋಡಿದಳು. ಮೀಸೆಯ ತುದಿಗೆ ಒಂದು ಅನ್ನದ ಅಗುಳು ಅಂಟಿತ್ತು, ಅಷ್ಟೇ. ಕೂಗಾಡಬಹುದಿತ್ತು. ಆದರೆ ಆಗಸ್ಟಿಗೆ ಬೇರೆ ಬಾಡಿಗೆ ಮನೆ ಆಗಬೇಕು, ಅದಕ್ಕೆ ಅಡ್ವಾನ್ಸು ಕೊಡಬೇಕು, ದಿವ್ಯಾಳ ಶಾಲೆಯ ಫೀಸಿನ ಎರಡನೇ ಕಂತು ಬಾಕಿಯಿತ್ತು. ಹದಿನೇಳಕ್ಕಿಂತ ಇಪ್ಪತ್ತಾರು ಒಂಬತ್ತು ಸಾವಿರ ಹೆಚ್ಚು.

ಬಸ್ಸು ಬರುವುದು ತಿರುವಿನಲ್ಲಿ ಕಾಣಿಸಿತು. ಅವಳು ಕೈ ಅಡ್ಡ ಹಿಡಿದಳು.

“ಹೋಟ್ಲ್ ಬೆಳಿಗ್ಗೆ ಎಷ್ಟ್ ಗಂಟಿಗ್ ತೆಗೂದ್?”

“ಆರ್ ಗಂಟಿಗ್. ಐದ್ ಗಂಟಿ ಬಸ್ಸಿಗ್ ಹೋಯ್ಕ್.”

“ಹಾಂಗಾರೆ ನಾನ್ ನಾಕಕ್ಕೆ ಏಳ್ಕ್,” ಎಂದಳು ವಿನಯಾ, ಬಸ್ಸು ಹತ್ತುತ್ತ.